ಮನೆಯಂಗಳಕ್ಕೆ ಬರುವ ವನ್ಯಜೀವಿಗಳು: ಹಿಡಿದೊಯ್ಯುವ ಮುನ್ನ

ಕಾಕನಕೋಟೆಯೆಂದೊಡನೆ ನಮ್ಮ ಭಾಗದ ಹಿರಿಯರಿಗೆ ನೆನಪಾಗುವುದು ಖೆಡ್ಡಾ. 1870ರ ದಶಕದಲ್ಲಿ ಜಿ. ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿಯು ಮೈಸೂರು ಸಂಸ್ಥಾನದಲ್ಲಿ ಆರಂಭಿಸಿದ ಈ ಆನೆ ಹಿಡಿಯುವ ಕಾರ್ಯವು 1971ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿಯ ದಡದಲ್ಲಿ ಕೊನೆಗೊಂಡಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಕಬಿನಿ ಜಲಾಶಯವು ಪೂರ್ಣಗೊಂಡಿತು. ಖೆಡ್ಡಾ ಇತಿಹಾಸಕ್ಕೆ ಸೇರಿತು. ಆದರೆ ಪ್ರಾಣಿಯಿಂದ ತೊಂದರೆಯಾದರೆ ಅದನ್ನು ಹಿಡಿದು ಬೇರೆಡೆಗೆ ಒಯ್ದುಬಿಟ್ಟರೆ ತೀರಿತು ಎಂಬ ಭಾವನೆ ಮಾತ್ರ ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಕೋತಿಗಳ ಕಾಟ ಹೆಚ್ಚಿದರೆ ಹಿಡಿಯುವವರನ್ನು ಕರೆಸಿ ಎನ್ನುತ್ತೇವೆ. ಹಾವು ಕಂಡರೆ ಕಾಡಿಗೆ ಬಿಟ್ಟುಬನ್ನಿ ಎನ್ನುತ್ತೇವೆ. ಚಿರತೆಯ ಹೆಜ್ಜೆ ಕಂಡೊಡನೆ ಬೋನು ಇಡಿಸಿ ಎನ್ನುತ್ತೇವೆ. ಕೊಲ್ಲುವುದಕ್ಕಿಂತ ಇದು ಮೇಲೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ನಿಜವಾಗಿಯೂ ದಯೆಯೇ? ಇದರಿಂದ ಮನೆಯವರ ಕಷ್ಟವಾದರೂ ಪರಿಹಾರವಾಗುವುದೇ? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗೃಹಸ್ಥರಿಗೂ ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವವರಿಗೂ ನಿತ್ಯದ ಪ್ರಶ್ನೆಯಾಗಿರುವ ಈ ವಿಷಯವನ್ನು ಕುರಿತು ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಅವು ಬರುವುದೇಕೆ?

ಪ್ರಾಣಿಯು ಮನುಷ್ಯನನ್ನು ಪೀಡಿಸಬೇಕೆಂದು ಊರಿಗೆ ಬರುವುದಿಲ್ಲ. ಆಹಾರ, ನೀರು, ಆಶ್ರಯ ಈ ಮೂರರಲ್ಲಿ ಒಂದನ್ನು ಅರಸಿಯೇ ಅದು ಬರುತ್ತದೆ. ಪಶ್ಚಿಮದಲ್ಲಿ ನಾಗರಹೊಳೆಯ ಅರಣ್ಯ, ಪೂರ್ವಕ್ಕೆ ಕಾವೇರಿಯ ನಾಲೆಗಳು ಉಣಿಸುವ ಭತ್ತ ಮತ್ತು ಕಬ್ಬಿನ ಗದ್ದೆಗಳು, ನಡುವೆ ಹೊಗೆಸೊಪ್ಪು, ಶುಂಠಿ, ರಾಗಿ, ಜೋಳದ ಹೊಲಗಳು: ಇದು ನಮ್ಮ ಸೀಮೆಯ ಸ್ವರೂಪ. ಭತ್ತದ ಗದ್ದೆಯಲ್ಲಿ ಇಲಿ ಹೆಚ್ಚುತ್ತದೆ. ಇಲಿಯಿರುವಲ್ಲಿಗೆ ಹಾವು ಬರುತ್ತದೆ. ಆಳೆತ್ತರದ ಕಬ್ಬು ಚಿರತೆಗೆ ಕಾಡಿನಂತೆಯೇ ಮರೆಯಾಗುತ್ತದೆ. ಊರಂಚಿನ ನಾಯಿ, ಮೇಕೆಗಳು ಅದಕ್ಕೆ ಸುಲಭವಾದ ಆಹಾರವಾಗುತ್ತವೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದ ಸೌದೆಯ ರಾಶಿ ಹಾವಿಗೂ ಚೇಳಿಗೂ ಮನೆಯಾಗುತ್ತದೆ. ಅಡುಗೆಮನೆಯ ಹಿಂದಿನ ಎಂಜಲಿನ ಗುಂಡಿ ಕೋತಿ, ಹೆಗ್ಗಣ, ಬೀದಿನಾಯಿಗಳನ್ನು ಕರೆಯುತ್ತದೆ.

ಆದುದರಿಂದ ತೊಂದರೆ ಕೊಡುವ ಪ್ರಾಣಿ ಯಾವುದೆಂದು ಕೇಳುವುದರ ಜೊತೆಗೆ ಅದಕ್ಕೆ ನಾವು ಕೊಡುತ್ತಿರುವುದು ಏನೆಂದು ಕೇಳಿಕೊಳ್ಳಬೇಕು. ಆ ಕಾರಣ ಉಳಿದಿರುವವರೆಗೆ ಒಂದು ಪ್ರಾಣಿಯನ್ನು ಒಯ್ದರೆ ಅದರ ಸ್ಥಾನಕ್ಕೆ ಮತ್ತೊಂದು ಬರುತ್ತದೆ.

ಹಿಡಿದೊಯ್ದಾಗ ಆಗುವುದೇನು?

ಈ ಮಾತಿಗೆ ಆಧಾರಗಳಿವೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಜುನ್ನರ್ ಪ್ರದೇಶವು ಕೃಷ್ಣರಾಜನಗರದಂತೆಯೇ ಕಬ್ಬು ಬೆಳೆಯುವ ನಾಡು. ಅಲ್ಲಿ 2001ರಿಂದ ಮುಂದಿನ ಕೆಲವು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಚಿರತೆಗಳನ್ನು ಬೋನಿನಲ್ಲಿ ಹಿಡಿದು ಬೇರೆಡೆಯ ಅರಣ್ಯಗಳಿಗೆ ಬಿಡಲಾಯಿತು. ಅದಕ್ಕೆ ಮುಂಚೆ ಆ ಪ್ರದೇಶದಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿಗಳಾಗುತ್ತಿದ್ದವು. ಸ್ಥಳಾಂತರ ಆರಂಭವಾದ ಮೇಲೆ ಆ ಸಂಖ್ಯೆ 17ಕ್ಕೆ ಏರಿತೆಂದು ವಿದ್ಯಾ ಆತ್ರೇಯ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಪರಿಚಿತವಾದ ನೆಲೆಯನ್ನು ಕಳೆದುಕೊಂಡ ಪ್ರಾಣಿ ಗೊಂದಲಕ್ಕೊಳಗಾಗಿ ಅಲೆಯುತ್ತದೆ. ಬಿಟ್ಟ ಜಾಗದಲ್ಲಿ ಮೊದಲೇ ಇರುವ ಚಿರತೆಗಳು ಅದನ್ನು ಸೇರಿಸುವುದಿಲ್ಲ. ಇತ್ತ ತೆರವಾದ ಜಾಗಕ್ಕೆ ಅನುಭವವಿಲ್ಲದ ಎಳೆಯ ಚಿರತೆ ಬಂದು ನೆಲೆಸುತ್ತದೆ.

ಹಾವಿನ ವಿಷಯದಲ್ಲಿಯೂ ಹೀಗೆಯೇ. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಸಂಶೋಧಕರು ಕಾಳಿಂಗ ಸರ್ಪಗಳ ದೇಹದಲ್ಲಿ ರೇಡಿಯೋ ಸಾಧನವನ್ನಿಟ್ಟು ಅವುಗಳ ಚಲನವಲನವನ್ನು ಗಮನಿಸಿದರು. ತನ್ನ ನೆಲೆಯಲ್ಲಿಯೇ ಇದ್ದ ಹಾವಿಗಿಂತ, ಹಿಡಿದು ದೂರಕ್ಕೆ ಒಯ್ದುಬಿಟ್ಟ ಹಾವು ಬಹಳ ಹೆಚ್ಚಾಗಿ ಅಲೆದಾಡಿತು. ಅಡಗುವ ಬಿಲವೆಲ್ಲಿ, ಬೇಟೆಯೆಲ್ಲಿ ಎಂದು ತಿಳಿಯದ ಹಾವು ಇನ್ನಷ್ಟು ಮನೆಗಳ ಬಳಿ ಹಾಯುವ ಸಂಭವವೇ ಹೆಚ್ಚು.

ಕೋತಿಗಳ ಕಥೆ ಇವೆಲ್ಲಕ್ಕಿಂತ ದಾರುಣವಾದುದು. 2021ರ ಜುಲೈ ತಿಂಗಳ ಕೊನೆಯಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಚೌಡನಹಳ್ಳಿಯ ಬಳಿ ರಸ್ತೆಯ ಬದಿಯಲ್ಲಿ ಗೋಣಿಚೀಲಗಳು ಬಿದ್ದಿದ್ದವು. ಬಿಚ್ಚಿ ನೋಡಿದ ಊರಿನವರಿಗೆ 38 ಕೋತಿಗಳ ಶವಗಳು ಕಂಡವು. ಇನ್ನೂ ಉಸಿರಿದ್ದ ಕೆಲವಕ್ಕೆ ಆ ಜನರೇ ನೀರು ಕುಡಿಸಿದರು. ರಾಜ್ಯದ ಉಚ್ಚ ನ್ಯಾಯಾಲಯವು ತಾನಾಗಿಯೇ ಈ ಪ್ರಕರಣವನ್ನು ಕೈಗೆತ್ತಿಕೊಂಡಿತು. ಹಿಡಿಸಿದವರಿಗೆ ಕೋತಿಗಳು ಕಣ್ಮರೆಯಾದರೆ ಸಾಕಾಗಿರುತ್ತದೆ; ಅವು ಎಲ್ಲಿಗೆ ಹೋದವು, ಹೇಗೆ ಹೋದವು ಎಂದು ಕೇಳುವವರಿಲ್ಲದಿದ್ದಾಗ ಗೋಣಿಚೀಲವೇ ಅವುಗಳ ಗತಿಯಾಗುತ್ತದೆ.

ಇಷ್ಟಾದರೂ ಕೋತಿಗಳು ಹೆಚ್ಚುತ್ತಲೇ ಇವೆಯಲ್ಲ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ವಾಸ್ತವವು ಇದಕ್ಕೆ ವಿರುದ್ಧವಾಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ಮೈಸೂರಿನ ಸುತ್ತಲಿನ ರಸ್ತೆಗಳಲ್ಲಿ 1989ರಿಂದ ಕೋತಿಗಳ ಗಣತಿಯನ್ನು ನಡೆಸುತ್ತ ಬಂದರು. 25 ವರ್ಷಗಳಲ್ಲಿ ಅವುಗಳ ಸಂಖ್ಯೆ ಶೇಕಡ 65ಕ್ಕಿಂತ ಹೆಚ್ಚು ಕುಗ್ಗಿದುದು ಕಂಡುಬಂದಿತು. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇರದ ಈ ಜಾತಿಯ ಕೋತಿ ಈಗ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಹಿಂದೆ ಇವು ಸಾಲುಮರಗಳ ಆಲ, ಅತ್ತಿ, ಬಸರಿ ಹಣ್ಣುಗಳನ್ನು ತಿಂದುಕೊಂಡಿದ್ದವು. ರಸ್ತೆಯನ್ನು ಅಗಲಗೊಳಿಸಲು ಸಾಲುಮರಗಳು ಉರುಳಿದವು. ಆಶ್ರಯ ತಪ್ಪಿದ ಗುಂಪುಗಳು ಹೆಂಚಿನ ಮನೆಗಳ ಮೇಲೆ ಬಂದು ಕುಳಿತವು. ಒಟ್ಟು ಸಂಖ್ಯೆ ಕುಗ್ಗಿದರೂ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಯಿತು.

ಹಾವು: ಭಯಕ್ಕಿಂತ ಎಚ್ಚರ ಮೇಲು

ಈ ಭಾಗದ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಹಾವು ಕೇರೆ. ಅದಕ್ಕೆ ವಿಷವಿಲ್ಲ, ಇಲಿಗಳನ್ನು ತಿಂದು ಕಣಜವನ್ನು ಕಾಯುವ ರೈತನ ಬಂಧು ಅದು. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ ಇವು ನಮ್ಮ ದೇಶದಲ್ಲಿ ಹೆಚ್ಚು ಪ್ರಾಣಹಾನಿಗೆ ಕಾರಣವಾಗುವ ನಾಲ್ಕು ವಿಷಸರ್ಪಗಳು. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಸತ್ತರೆಂದು ಒಂದು ವಿಸ್ತೃತ ಅಧ್ಯಯನವು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಗ್ರಾಮವಾಸಿಗಳು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಆದುದರಿಂದ ದಯೆಯ ಹೆಸರಿನಲ್ಲಿ ಅಪಾಯವನ್ನು ಹಗುರವಾಗಿ ಕಾಣುವಂತಿಲ್ಲ.

ಇವುಗಳಲ್ಲಿ ಕಟ್ಟುಹಾವಿನ ಸ್ವಭಾವವನ್ನು ವಿಶೇಷವಾಗಿ ಅರಿತಿರಬೇಕು. ಅದು ರಾತ್ರಿಯ ಹೊತ್ತು ಸಂಚರಿಸುತ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ರೆಯಲ್ಲಿಯೇ ಕಡಿಯುವುದುಂಟು. ಕಡಿದ ಗುರುತು ಎದ್ದು ಕಾಣುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಏಳುವ ಮಗುವಿನ ಕಣ್ಣೆವೆಗಳು ಜೋಲುತ್ತಿದ್ದರೆ ಅದನ್ನು ಅಜೀರ್ಣವೆಂದು ಎಣಿಸಬಾರದು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸುತ್ತಲೂ ಸೇರಿಸಿಕೊಂಡರೆ ಈ ಅಪಾಯವು ಬಹುಮಟ್ಟಿಗೆ ತಪ್ಪುತ್ತದೆ. ಹಾವನ್ನು ಹಿಡಿಯುವ ಯಾವ ನಿಪುಣನೂ ಕೊಡಲಾರದ ರಕ್ಷಣೆಯನ್ನು ಒಂದು ಸೊಳ್ಳೆಪರದೆ ಕೊಡುತ್ತದೆ.

ಮನೆಯ ಸುತ್ತ ಮಾಡಬೇಕಾದ ಕೆಲಸಗಳೂ ಸರಳವಾದುವೇ. ಸೌದೆಯನ್ನೂ ಹೆಂಚು, ಇಟ್ಟಿಗೆಗಳ ರಾಶಿಯನ್ನೂ ಗೋಡೆಯಿಂದ ದೂರವಿರಿಸಿ, ಸಾಧ್ಯವಾದರೆ ನೆಲದಿಂದ ಒಂದು ಅಡಿ ಎತ್ತರದ ಕಟ್ಟೆಯ ಮೇಲೆ ಜೋಡಿಸಬೇಕು. ಬಚ್ಚಲ ಮೋರಿಯ ಬಾಯಿಗೆ ತಂತಿಯ ಜಾಲರಿ ಹಾಕಬೇಕು. ಬಾಗಿಲ ಕೆಳಗಿನ ಸಂದನ್ನು ಪಟ್ಟಿ ಹೊಡೆದು ಮುಚ್ಚಬೇಕು. ಗೋಡೆಯ ಬುಡದ ಬಿಲಗಳನ್ನು ಗಾಜಿನ ಚೂರು ಬೆರೆಸಿದ ಗಾರೆಯಿಂದ ತುಂಬಬೇಕು. ಕತ್ತಲಲ್ಲಿ ಅಂಗಳಕ್ಕಿಳಿಯುವಾಗ ಕೈಯಲ್ಲಿ ದೀಪ, ಕಾಲಲ್ಲಿ ಮೆಟ್ಟು ಇರಬೇಕು.

ಹಾವು ಮನೆಯೊಳಗೆ ಕಂಡರೆ ಮಕ್ಕಳನ್ನು ದೂರವಿರಿಸಿ, ಒಬ್ಬರು ದೂರದಿಂದಲೇ ಅದರ ಮೇಲೆ ಕಣ್ಣಿಟ್ಟು, ತಿಳಿದವರನ್ನು ಕರೆಸಬೇಕು. ಹೊರಹೋಗಲು ಬಾಗಿಲು ತೆರೆದಿದ್ದರೆ ಬಹುಮಟ್ಟಿಗೆ ಅದೇ ಹೋಗುತ್ತದೆ. ಹಿಡಿದವರು ಅದನ್ನು ಆಟವಾಡಿಸದೆ, ಮನೆಗಳಿಂದ ಬೇರ್ಪಟ್ಟ ಸಮೀಪದ ಜಾಗದಲ್ಲಿಯೇ ಬಿಡುವುದು ಲೇಸು. ಕಡಿತವಾದರೆ ಗಾಯವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ತಪ್ಪು. ಕಡಿದ ಅಂಗವನ್ನು ಅಲುಗಾಡಿಸದೆ, 108ಕ್ಕೆ ಕರೆಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಮಂತ್ರ, ಬೇರು, ನಾರುಗಳಲ್ಲಿ ಕಳೆಯುವ ಪ್ರತಿ ಗಳಿಗೆಯೂ ಪ್ರಾಣಕ್ಕೆ ಎರವಾಗುತ್ತದೆ.

ಅಟ್ಟದ ಅತಿಥಿಗಳು

ಹೆಂಚಿನ ಮನೆಯ ಅಟ್ಟದಲ್ಲಿ ರಾತ್ರಿ ದಡಬಡ ಸದ್ದಾದರೆ ಅದು ಇಲಿಯಾಗಿರಬಹುದು, ಮರಬೆಕ್ಕೂ ಆಗಿರಬಹುದು. ಇದನ್ನು ಹಲವರು ಪುನುಗಿನ ಬೆಕ್ಕೆಂದೇ ಕರೆಯುತ್ತಾರೆ. ಈ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯ ಸೂರಿನ ಸಂದಿನಿಂದ ಮರಬೆಕ್ಕೊಂದು ಮುಸ್ಸಂಜೆಯಲ್ಲಿ ಹೊರಬೀಳುವುದನ್ನು ಕಂಡು, ಅದು ಹೊರಗಿರುವಾಗಲೇ ಆ ಸಂದಿಗೆ ಹಲಗೆ ಬಡಿದು, ಕೊಲ್ಲದೆ ನಿವಾರಿಸಿದೆನೆಂದು ಬೀಗಿದೆ. ನಡುರಾತ್ರಿಯ ಹೊತ್ತಿಗೆ ತಾಯಿ ಹೊರಗಿನಿಂದ ಹೆಂಚುಗಳನ್ನು ಕೀಳತೊಡಗಿತು. ಅಟ್ಟದೊಳಗಿನಿಂದ ಎಳೆಯ ಮರಿಗಳ ದನಿ ಕೇಳತೊಡಗಿತು. ನನ್ನ ತಾಯಿಯವರು ಲಾಂದ್ರ ಹಿಡಿದು ಬಂದು, "ಮೊದಲು ಆ ಹಲಗೆ ತೆಗೆಯಪ್ಪ, ಒಳಗಿರೋದು ಅದರ ಮಕ್ಕಳು" ಎಂದರು. ಹಲಗೆ ತೆಗೆದೆ. ಮೂರು ವಾರಗಳ ಮೇಲೆ ಮರಿಗಳೊಡನೆ ತಾಯಿ ತಾನಾಗಿಯೇ ಹೊರಟುಹೋಯಿತು. ಅನಂತರ ಸಂದನ್ನು ಮುಚ್ಚಿದೆವು. ಸೂರಿಗೆ ತಾಗುತ್ತಿದ್ದ ಸೀಬೆಮರದ ಕೊಂಬೆಯನ್ನೂ ಕಡಿದೆವು. ಮತ್ತೆ ಅದು ಬರಲಿಲ್ಲ.

ಈ ಪ್ರಸಂಗದಲ್ಲಿ ಕ್ರಮವೆಲ್ಲವೂ ಅಡಗಿದೆ. ಮೊದಲು ಯಾವ ಪ್ರಾಣಿ, ಯಾವ ದಾರಿಯೆಂದು ನಾಲ್ಕಾರು ದಿನ ಗಮನಿಸಬೇಕು. ಒಳಗೆ ಮರಿಗಳಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇದ್ದರೆ ಅವು ಬೆಳೆದು ಹೋಗುವವರೆಗೆ ಕಾಯಬೇಕು. ಎಲ್ಲವೂ ಹೊರಟಮೇಲೆ ದಾರಿಯನ್ನು ಭದ್ರವಾಗಿ ಮುಚ್ಚಬೇಕು. ಬಾವಲಿಗಳ ವಿಷಯದಲ್ಲಿಯೂ ಇದೇ ಕ್ರಮ. ಸೂರಿನಲ್ಲಿ ನೆಲೆಸುವ ಸಣ್ಣ ಬಾವಲಿಗಳು ರಾತ್ರಿಯಲ್ಲಿ ಕೀಟಗಳನ್ನು ತಿಂದು ಬೆಳೆಗಾರನಿಗೆ ಉಪಕಾರವನ್ನೇ ಮಾಡುತ್ತವೆ.

ಇಲಿ, ಹೆಗ್ಗಣಗಳಿಗೆ ಕಾಳಿನ ಕಣಜವೇ ಮೂಲ. ಮುಚ್ಚಳವಿರುವ ತಗಡಿನ ಪೀಪಾಯಿಗಳಲ್ಲಿ ಧಾನ್ಯವನ್ನಿಟ್ಟರೆ ಅರ್ಧ ಕೆಲಸ ಮುಗಿಯಿತು. ಇಲಿಪಾಷಾಣ ಸುಲಭವೆಂದು ತೋರಬಹುದು. ಆದರೆ ವಿಷ ತಿಂದ ಇಲಿಯನ್ನು ಹಿಡಿದ ಗೂಬೆಯೂ ಬೆಕ್ಕೂ ಸಾಯುವುದುಂಟು. ಇಲಿಯನ್ನೇ ತಿಂದು ಬದುಕುವ ಕಣಜದ ಗೂಬೆಯನ್ನು ಅಪಶಕುನವೆಂದು ಓಡಿಸಿ, ಬಳಿಕ ಇಲಿಯ ಕಾಟವೆಂದು ಗೋಳಾಡುವುದು ನಮ್ಮ ಅವಿವೇಕ. ಅಂಟಿನ ಹಲಗೆಯೂ ಬೇಡ. ಅದರಲ್ಲಿ ಸಿಕ್ಕಿದ ಇಲಿ ದಿನಗಟ್ಟಲೆ ನರಳುತ್ತದೆ. ಹಲ್ಲಿ, ಅಳಿಲು, ಗುಬ್ಬಿಗಳೂ ಅದಕ್ಕೆ ಬಲಿಯಾಗುತ್ತವೆ.

ಕೋತಿಗೆ ಕೊಡುವ ಕೈ

ಕೋತಿಗೆ ಅನ್ನವಿಡುವುದು ಪುಣ್ಯವೆಂದು ನಂಬಿದವರು ಬಹಳ. ಆದರೆ ಮನುಷ್ಯನ ಕೈಯಿಂದ ತಿಂದ ಕೋತಿ ಮನುಷ್ಯನ ಕೈಗೇ ಹಾರುತ್ತದೆ. ಇಂದು ಬಾಳೆಹಣ್ಣು ಕೊಟ್ಟವರ ಮನೆಯ ಪಕ್ಕದ ಮಗುವಿನ ಕೈಚೀಲವನ್ನು ನಾಳೆ ಅದು ಕಸಿಯುತ್ತದೆ, ಕಚ್ಚಲೂಬಹುದು. ಆಗ ಬೋನು ಬರುತ್ತದೆ, ಗೋಣಿಚೀಲ ಬರುತ್ತದೆ. ಊಟ ಹಾಕಿದ ಪುಣ್ಯದ ಕೊನೆ ಹೀಗಾಗುವುದಾದರೆ ಆ ಪುಣ್ಯವನ್ನು ಬಿಡುವುದೇ ದಯೆ. ಎಂಜಲನ್ನು ಮುಚ್ಚಿದ ಗುಂಡಿಗೇ ಹಾಕುವುದು, ಕಿಟಕಿಗಳಿಗೆ ಜಾಲರಿ ಹೊಡೆಸುವುದು, ನೀರಿನ ತೊಟ್ಟಿಗೆ ಭದ್ರವಾದ ಮುಚ್ಚಳವಿರಿಸುವುದು, ಮಾಡಿಗೆ ತಾಗುವ ಕೊಂಬೆಗಳನ್ನು ಸವರುವುದು ಇವು ತಕ್ಷಣದ ಉಪಾಯಗಳು. ಊರ ಹೊರಗಿನ ಗೋಮಾಳ, ಕೆರೆಯ ಏರಿ, ರಸ್ತೆಗಳ ಬದಿಗಳಲ್ಲಿ ಆಲ, ಅತ್ತಿ, ಬಸರಿ, ನೇರಳೆಗಳನ್ನು ಮತ್ತೆ ನೆಡುವುದು ದೀರ್ಘಕಾಲದ ಉಪಾಯ.

ಚಿರತೆ ಮತ್ತು ಆನೆ

2022ರ ನವೆಂಬರಿನಲ್ಲಿ ಕೃಷ್ಣರಾಜನಗರ ಪಟ್ಟಣದ ಬೀದಿಗೇ ಚಿರತೆ ನುಗ್ಗಿ ಜನರನ್ನು ಗಾಯಗೊಳಿಸಿದುದು ಹಲವರ ನೆನಪಿನಲ್ಲಿರಬಹುದು. ನಾಲ್ಕೂ ಕಡೆ ಜನರ ಕೂಗಾಟವಿದ್ದರೆ ಚಿರತೆಗೆ ಓಡಲು ದಾರಿಯಿರುವುದಿಲ್ಲ. ಎದುರಿಗೆ ಸಿಕ್ಕವರ ಮೇಲೆ ಅದು ಎರಗುತ್ತದೆ. ಇಂತಹ ಹೊತ್ತಿನಲ್ಲಿ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಳ್ಳುವುದೇ ಅರಣ್ಯ ಇಲಾಖೆಗೆ ನಾವು ಮಾಡುವ ದೊಡ್ಡ ಸಹಾಯ. ಕಬ್ಬು ಕಡಿಯುವಾಗ ಚಿರತೆಯ ಮರಿಗಳು ಸಿಕ್ಕರೆ ಅವನ್ನು ಮನೆಗೆ ತರಬಾರದು. ಇದ್ದಲ್ಲಿಯೇ ಬಿಟ್ಟು ಇಲಾಖೆಗೆ ತಿಳಿಸಿದರೆ, ಸಾಮಾನ್ಯವಾಗಿ ಇರುಳಾದ ಮೇಲೆ ತಾಯಿ ಬಂದು ಒಯ್ಯುತ್ತದೆ. ಮರಿಗಳನ್ನು ಕಳೆದುಕೊಂಡ ತಾಯಿ ಊರ ಸುತ್ತಲೇ ಅಲೆಯತೊಡಗುವುದುಂಟು. ಮೇಕೆ, ಕರುಗಳನ್ನು ರಾತ್ರಿ ಮಾಡಿರುವ, ಜಾಲರಿ ಬಿಗಿದ ಕೊಟ್ಟಿಗೆಯಲ್ಲಿ ಕೂಡುವುದು, ಮನೆಯ ಸುತ್ತಲಿನ ಪೊದೆ ಸವರುವುದು, ಮಾಂಸದಂಗಡಿಯ ತ್ಯಾಜ್ಯವನ್ನು ಊರಂಚಿನಲ್ಲಿ ಸುರಿಯದಿರುವುದು ಇವುಗಳಿಂದ ಚಿರತೆಯ ಬರವು ಕಡಿಮೆಯಾಗುತ್ತದೆ.

ಹಂದಿಗೆಂದು ಒಡ್ಡಿದ ತಂತಿಯ ಉರುಳು ಹಂದಿಯನ್ನೇ ಆರಿಸಿ ಹಿಡಿಯುವುದಿಲ್ಲ. ಚಿರತೆ, ಹುಲಿಗಳೂ ಅದಕ್ಕೆ ಸಿಕ್ಕಿ ಸತ್ತಿವೆ. ವಿದ್ಯುತ್ ಕಂಬದಿಂದ ನೇರವಾಗಿ ಎಳೆದ ತಂತಿ ಆನೆಯನ್ನು ಕೊಲ್ಲುವಂತೆಯೇ ನೀರು ಕಟ್ಟಲು ಹೋದ ಮನೆಯ ಮಗನನ್ನೂ ಕೊಲ್ಲುತ್ತದೆ. ಎರಡೂ ಅಪರಾಧ.

ಆನೆಯಂತಹ ದೊಡ್ಡ ಪ್ರಾಣಿಯನ್ನು ಹಿಡಿಯಲೇಬೇಕಾಗುವ ಸಂದರ್ಭಗಳುಂಟು. ಆದರೆ ಅದರ ಬೆಲೆ ಎಂಥದೆಂಬುದನ್ನು ಅರ್ಜುನನ ಬಾಳು ತೋರಿಸುತ್ತದೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದಲ್ಲಿ ಬಾಳಿ, 8 ದಸರಾಗಳಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಅದು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಕಾಡಿನಲ್ಲಿ ಇನ್ನೊಂದು ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಅದು ಪ್ರಾಣಬಿಟ್ಟಿತು. ಹಿಡಿಯಲ್ಪಟ್ಟ ಆನೆ, ಹಿಡಿಯುವ ಕೆಲಸದಲ್ಲಿಯೇ ಅಳಿಯಿತು.

ಕಾಯಿದೆಯ ಮಾತು

1972ರ ಕಾಯಿದೆಯ ಪ್ರಕಾರ ಸಂರಕ್ಷಿತ ವನ್ಯಜೀವಿಯನ್ನು ಅಧಿಕೃತ ಅನುಮತಿಯಿಲ್ಲದೆ ಹಿಡಿಯುವಂತಿಲ್ಲ. 2022ರ ತಿದ್ದುಪಡಿಯಲ್ಲಿ ನಮ್ಮ ಕೋತಿಯನ್ನೂ ಚಿರತೆ, ಆನೆಗಳಿರುವ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಪ್ರಾಣಾಪಾಯ ಒದಗಿದಾಗ ಸದುದ್ದೇಶದಿಂದ ಮಾಡಿದ ಆತ್ಮರಕ್ಷಣೆಗೆ ಕಾಯಿದೆ ಅಡ್ಡಿಯಾಗುವುದಿಲ್ಲ. ಹಣ ಕೊಟ್ಟು ಯಾರನ್ನೋ ಕರೆಸುವ ಬದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸುವುದು ಸರಿಯಾದ ಮಾರ್ಗ.

ನಮ್ಮ ಕರ್ತವ್ಯ

ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ಸಂಚಿಕೆಯನ್ನು ಓದುವವರಾದುದರಿಂದ ಕೊನೆಯದಾಗಿ ಒಂದು ವಿನಂತಿ. ನೂರಾರು ಮಕ್ಕಳು ಉಂಡು ಮಲಗುವ ಸಂಸ್ಥೆಗಳಲ್ಲಿ ಕಣಜ ದೊಡ್ಡದು, ಎಂಜಲು ಹೆಚ್ಚು, ಸೌದೆಯ ರಾಶಿ ಎತ್ತರ. ಮಳೆಗಾಲದ ರಾತ್ರಿ ನೆಲದ ಮೇಲೆ ಚಾಪೆ ಹಾಸಿ ಮಲಗುವ ಮಗುವಿನ ಸುರಕ್ಷತೆಯು ಇವೆಲ್ಲವನ್ನೂ ನಾವು ಹೇಗೆ ಇಟ್ಟುಕೊಂಡಿದ್ದೇವೆಂಬುದನ್ನು ಅವಲಂಬಿಸಿದೆ. ದಾನಿಗಳು ಕಟ್ಟಡಕ್ಕೆ ಕೊಡುವಂತೆಯೇ ಮಂಚಕ್ಕೂ ಸೊಳ್ಳೆಪರದೆಗೂ ಕಿಟಕಿಯ ಜಾಲರಿಗೂ ಮುಚ್ಚಳವಿರುವ ಧಾನ್ಯದ ಪೀಪಾಯಿಗಳಿಗೂ ಕೊಡಬಹುದು. ಇವುಗಳ ಮೇಲೆ ಹೆಸರು ಕೆತ್ತಿಸಲಾಗುವುದಿಲ್ಲ ನಿಜ. ಆದರೆ ಒಂದು ಮಗುವಿನ ಪ್ರಾಣ ಉಳಿಯಬಹುದು. ಉಪಾಧ್ಯಾಯರು ಮಳೆ ಹಿಡಿಯುವ ಮುನ್ನ ಮಕ್ಕಳೊಡನೆ ಆವರಣವನ್ನು ಒಂದು ಸುತ್ತು ಬಂದು ಬಿಲ, ಸಂದು, ರಾಶಿಗಳನ್ನು ಗುರುತಿಸುವುದೇ ಒಂದು ಉತ್ತಮ ಪಾಠವಾದೀತು.

ದಯೆಯೆಂಬುದು ಕೊಲ್ಲದೆ ಬಿಡುವುದರಲ್ಲಿ ಮುಗಿಯುವುದಿಲ್ಲ. ಕೊಲ್ಲುವ ಅಥವಾ ಹಿಡಿಯುವ ಸಂದರ್ಭವೇ ಬಾರದಂತೆ ಮನೆಯನ್ನು ಇಟ್ಟುಕೊಳ್ಳುವುದು ಅದರ ಮೊದಲ ಕೆಲಸ. ಅದಕ್ಕೆ ಬೋನು ಬೇಕಾಗಿಲ್ಲ; ಗಾರೆಯ ಕರಣೆಯೊಂದು, ಜಾಲರಿಯ ಒಂದು ಸುರುಳಿ, ಅಂಗಳವನ್ನು ದಿನವೂ ನೋಡಿಕೊಳ್ಳುವ ಕಣ್ಣು ಇದ್ದರೆ ಸಾಕು.